ಡಿಸ್ಕೋ ಕೊಲ್ಲಿಯ ಹಿಮಬಂಡೆಗಳು ಮತ್ತು ತಿಮಿಂಗಿಲಗಳು: ಹಡಗೇರುವುದೋ, ಊರಿನಲ್ಲಿ ಉಳಿಯುವುದೋ?

ತುಂಗಾತೀರ (ಫೆಬ್ರುವರಿ 8)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಶಿವಮೊಗ್ಗ ಜಿಲ್ಲೆಯ ಪ್ರೌಢಶಾಲೆಗಳಲ್ಲಿ 34 ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು. ಹಿಮಬಂಡೆಯ ಹತ್ತರಲ್ಲಿ ಒಂಬತ್ತು ಪಾಲು ನೀರಿನೊಳಗೇ ಇರುತ್ತದೆ ಎಂದು ಹೇಳುತ್ತ, ಪ್ರತಿ ವರ್ಷವೂ ಕರಿಹಲಗೆಯ ಮೇಲೆ ಅದೇ ಚಿತ್ರವನ್ನು ಬರೆದವರು. ಆದರೆ ಒಂದೇ ಒಂದು ಹಿಮಬಂಡೆಯನ್ನೂ ಕಣ್ಣಾರೆ ಕಂಡವರಲ್ಲ. ಈಗ ಅವರಿಗೆ 71 ವರ್ಷ, ತಾಯಿಯವರಿಗೆ 66. ನಾನು ಕೆಲವು ವರ್ಷಗಳಿಂದ ಹಣ ಕೂಡಿಟ್ಟಿದ್ದೇನೆ, ಈ ವರ್ಷ ಜುಲೈ ಅಥವಾ ಆಗಸ್ಟ್‌ನಲ್ಲಿ ಇಬ್ಬರನ್ನೂ ಆರ್ಕ್ಟಿಕ್‌ಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ.

ಪಶ್ಚಿಮ ಗ್ರೀನ್‌ಲ್ಯಾಂಡಿನ ಡಿಸ್ಕೋ ಕೊಲ್ಲಿಗೆ ಹೋಗುವ 10–12 ದಿನಗಳ ಎಕ್ಸ್‌ಪೆಡಿಷನ್ ಹಡಗುಗಳ ಜಾಹೀರಾತುಗಳನ್ನು ನೋಡಿದೆ. ಪ್ರತಿಯೊಂದರಲ್ಲೂ ನೀಲಿ ಹಿಮಬಂಡೆಯ ಮುಂದೆ ಬಾಲವೆತ್ತಿದ ತಿಮಿಂಗಿಲವೊಂದು ಇದ್ದೇ ಇರುತ್ತದೆ. ಒಬ್ಬರಿಗೆ ಹಲವು ಲಕ್ಷ ರೂಪಾಯಿ ಖರ್ಚಾಗುವ ಈ ಪ್ರಯಾಣದಲ್ಲಿ ನಿಜವಾಗಿ ಕಾಣಸಿಗುವುದೇನು, ತಂದೆಯವರ ಮಂಡಿನೋವಿಗೆ ರಬ್ಬರ್ ದೋಣಿಗಳಲ್ಲಿ ಹತ್ತಿ ಇಳಿಯುವುದು ಸಾಧ್ಯವೇ, ಹಡಗಿಗಿಂತ ಒಳ್ಳೆಯ ದಾರಿ ಬೇರೆ ಇದೆಯೇ ಎಂಬುದನ್ನು ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಹಿಮಪಥಿಕೆ (ಫೆಬ್ರುವರಿ 8)

ನಾನು ಎರಡು ವರ್ಷಗಳ ಹಿಂದೆ ಆಗಸ್ಟ್ ಮೊದಲ ವಾರದಲ್ಲಿ ಇಂಥದೇ ಹಡಗಿನಲ್ಲಿ ಹೋಗಿದ್ದೆ. ನೀವು ಕೇಳಿದ್ದಕ್ಕೆ ಮೊದಲು ನೇರವಾದ ಉತ್ತರ ಕೊಡುತ್ತೇನೆ: ಡಿಸ್ಕೋ ಕೊಲ್ಲಿಯಲ್ಲಿ ಹಿಮಬಂಡೆ ಕಾಣುವುದು ಖಂಡಿತ, ಹಂಪ್‌ಬ್ಯಾಕ್ ತಿಮಿಂಗಿಲ ಕಾಣುವುದು ಬಹುಪಾಲು ಸಾಧ್ಯ, ಆದರೆ ಜಾಹೀರಾತಿನಲ್ಲಿರುವಂತೆ ಎರಡೂ ಒಂದೇ ಚೌಕಟ್ಟಿನಲ್ಲಿ ಒದಗಿಬರುವುದು ಅದೃಷ್ಟ.

ಕಾಂಗೆರ್ಲುಸ್ಸುವಾಕ್‌ನಲ್ಲಿ ವಿಮಾನ ಇಳಿದು, ಬಸ್ಸಿನಲ್ಲಿ ಫ್ಯೋರ್ಡಿನ (ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ಕಡಲ ಕವಲಿನ) ದಡಕ್ಕೆ ಹೋಗಿ, ಅಲ್ಲಿಂದ ಝೋಡಿಯಾಕ್ ಎಂಬ ರಬ್ಬರ್ ದೋಣಿಯಲ್ಲಿ ಹಡಗು ಸೇರಿದೆವು. ಸುಮಾರು 190 ಕಿ.ಮೀ. ಉದ್ದದ ಆ ಫ್ಯೋರ್ಡನ್ನು ದಾಟಿ ಕಡಲಿಗೆ ಬಿದ್ದ ರಾತ್ರಿ ಹಡಗು ಸಾಕಷ್ಟು ಹೊಯ್ದಾಡಿತು, ನನ್ನ ಪಕ್ಕದ ಕೋಣೆಯವರು ಎರಡು ಹೊತ್ತು ಊಟದ ಮುಖ ನೋಡಲಿಲ್ಲ. ಕೊಲ್ಲಿಯೊಳಗೆ ಬಂದ ಮೇಲೆ ನೀರು ತಟ್ಟೆಯಂತೆ ಶಾಂತವಾಯಿತು. ಬೆಳಗಿನ ಐದು ಗಂಟೆಗೆ ಎಚ್ಚರವಾಗಿ ಹೊರಗೆ ಬಂದಾಗ ದಿಗಂತದುದ್ದಕ್ಕೂ ಬಿಳಿಯ ಊರೊಂದು ಕಟ್ಟಿಕೊಂಡಿರುವಂತೆ ಕಂಡಿತು. ಅದು ಕೊಲ್ಲಿಯ ದಡದಲ್ಲಿರುವ ಇಲುಲಿಸ್ಸಾತ್ ಪಟ್ಟಣವಿರಬೇಕು ಎಂದುಕೊಂಡೆ. ಅಲ್ಲ, ಅದು ಪಟ್ಟಣದ ಮುಂದೆ ನಿಂತಿದ್ದ ಹಿಮಬಂಡೆಗಳ ಸಾಲು; ಪಟ್ಟಣ ಅದರ ಹಿಂದೆ ಪೂರ್ತಿ ಮರೆಯಾಗಿತ್ತು.

ಝೋಡಿಯಾಕ್ ಬಗ್ಗೆ ಹೇಳುವುದಾದರೆ, ಹತ್ತು ಹನ್ನೆರಡು ಜನ ದೋಣಿಯ ಎರಡು ಅಂಚುಗಳ ಮೇಲೆ ಕುಳಿತುಕೊಳ್ಳಬೇಕು. ಹಡಗಿನ ಪಕ್ಕದ ಮೆಟ್ಟಿಲಿಳಿದು, ಏರಿಳಿಯುತ್ತಿರುವ ದೋಣಿಗೆ ಒಂದು ಹೆಜ್ಜೆ ಹಾಕುವ ಗಳಿಗೆಯೇ ಕಷ್ಟದ್ದು. ಮೊಣಕೈ ಕೆಳಗೆ ಬಿಗಿಯಾಗಿ ಕೈಹಿಡಿದು ಇಳಿಸಲು ಸಿಬ್ಬಂದಿ ಇರುತ್ತಾರೆ. ನಮ್ಮ ಜೊತೆ 78 ವರ್ಷದ ಹಿರಿಯರೊಬ್ಬರು ಇದ್ದರು, ಅವರು ಪ್ರತಿ ಸಲವೂ ನಿಧಾನವಾಗಿ ಇಳಿದು ಹತ್ತಿದರು. ಆದರೆ ದಡದಲ್ಲಿ ಕಲ್ಲುಗಳ ಮೇಲೆ ನೀರಿಗೇ ಇಳಿಯಬೇಕಾದಾಗ ಅವರು ದೋಣಿಯಲ್ಲೇ ಉಳಿದರು.

ಹಡಗಿನ ಮೇಲಟ್ಟದಿಂದ ನೋಡುವುದಕ್ಕೂ ದೋಣಿಯಿಂದ ನೋಡುವುದಕ್ಕೂ ಬಹಳ ಅಂತರವಿದೆ. ಮೇಲಿನಿಂದ ಹಿಮಬಂಡೆ ಒಂದು ನೋಟ ಮಾತ್ರ. ನೀರಿನ ಮಟ್ಟದಲ್ಲಿ ಕುಳಿತಾಗ ಅದರಿಂದ ಬೀಸುವ ತಂಪು ಮುಖಕ್ಕೆ ತಾಗುತ್ತದೆ, ಅದರ ಮೈಯಿಂದ ನೀರು ಇಳಿಯುವ ಸದ್ದು ಕೇಳುತ್ತದೆ. ದೋಣಿಯ ಎಂಜಿನ್ ನಿಲ್ಲಿಸಿದಾಗ ಸುತ್ತಲಿನ ಚೂರು ಹಿಮದಿಂದ ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವಂಥ ಸಣ್ಣ ಚಟಪಟ ಶಬ್ದ ಎಡೆಬಿಡದೆ ಬರುತ್ತಿತ್ತು. ಅದೇನೆಂದು ಇಲ್ಲಿನ ವಿಜ್ಞಾನ ಬಲ್ಲವರು ವಿವರಿಸಲಿ.

ಲೆಕ್ಕಿಗ (ಫೆಬ್ರುವರಿ 9)

ಹತ್ತರಲ್ಲಿ ಒಂಬತ್ತು ಪಾಲು ಎಂಬ ಮಾತಿಗೆ ಒಂದು ಸಣ್ಣ ಸ್ಪಷ್ಟನೆ. ಹಿಮದ ಸಾಂದ್ರತೆ ಘನ ಮೀಟರಿಗೆ ಸುಮಾರು 917 ಕಿಲೋ, ಸಮುದ್ರದ ನೀರಿನದು ಸುಮಾರು 1,025 ಕಿಲೋ; ಭಾಗಿಸಿದರೆ 0.89 ಬರುತ್ತದೆ. ಇದು ಗಾತ್ರದ ಲೆಕ್ಕವೇ ಹೊರತು ಎತ್ತರದ ಲೆಕ್ಕವಲ್ಲ. ನೀರಿನ ಮೇಲೆ 30 ಮೀಟರ್ ಕಂಡರೆ ಕೆಳಗೆ 270 ಮೀಟರ್ ಇದೆ ಎಂದು ಹೇಳಲಾಗದು, ಏಕೆಂದರೆ ಮೇಲೆ ಚೂಪಾದ ಶಿಖರವಿದ್ದು ಕೆಳಗೆ ಅಗಲವಾದ ಬುಡವಿರಬಹುದು.

ಕಲ್ಲುಮಣ್ಣು (ಫೆಬ್ರುವರಿ 9)

ಲೆಕ್ಕಿಗರ ಮಾತನ್ನು ಇನ್ನೊಂದು ಹೆಜ್ಜೆ ಮುಂದುವರಿಸುತ್ತೇನೆ, ತುಂಗಾತೀರ ಅವರ ತಂದೆಯವರು ಬೇಸರಪಡಬಾರದು. ಪಠ್ಯಪುಸ್ತಕಗಳಲ್ಲಿ ನಾವೆಲ್ಲ ನೋಡಿರುವ ಆ ಚಿತ್ರ, ಎಂದರೆ ಮೇಲೆ ಸಣ್ಣ ಶಿಖರ, ಕೆಳಗೆ ಕ್ಯಾರೆಟ್ಟಿನಂತೆ ಉದ್ದಕ್ಕೆ ಇಳಿದ ದೇಹ, ನೀರಿನಲ್ಲಿ ಹಾಗೆ ನಿಲ್ಲಲಾರದು. ಉದ್ದವಾದ ಮರದ ದಿಮ್ಮಿಯನ್ನು ಹೊಳೆಗೆ ಬಿಟ್ಟರೆ ಅದು ನೆಟ್ಟಗೆ ನಿಲ್ಲದೆ ಮಲಗುವಂತೆ, ಉದ್ದನೆಯ ಹಿಮಬಂಡೆಯೂ ಉರುಳಿ ಮಗ್ಗುಲಾಗುತ್ತದೆ.

ಇಲುಲಿಸ್ಸಾತ್‌ನ ಮುಂದೆ ಸದಾಕಾಲ ಇಷ್ಟೊಂದು ಹಿಮಬಂಡೆಗಳು ನಿಂತಿರುವುದಕ್ಕೆ ಕಾರಣ ಅಲ್ಲಿನ ಕಡಲ ತಳದಲ್ಲಿದೆ. ಪಟ್ಟಣದ ದಕ್ಷಿಣಕ್ಕೆ ಕಾಂಗಿಯಾ ಎಂಬ ಫ್ಯೋರ್ಡ್ ಇದೆ. 2004ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಅದರ ಒಳತುದಿಯಲ್ಲಿ ಸೆರ್ಮೆಕ್ ಕುಯಲ್ಲೆಕ್ ಎಂಬ ಹಿಮನದಿ ಕಡಲಿಗೆ ಬೀಳುತ್ತದೆ. ಗ್ರೀನ್‌ಲ್ಯಾಂಡಿನ ಹಿಮಹಾಸಿನ ಶೇ. 6ಕ್ಕೂ ಹೆಚ್ಚು ಭಾಗ ಈ ಒಂದೇ ಬಾಗಿಲಿನಿಂದ ಹೊರಕ್ಕೆ ಹರಿಯುತ್ತದೆ. ಪರಂಪರೆಯ ಪಟ್ಟಿಗೆ ಸೇರಿದಾಗ ದಾಖಲಾದ ವೇಗ ದಿನಕ್ಕೆ 19 ಮೀಟರ್, ವರ್ಷಕ್ಕೆ ಅದು ಕಳಚುತ್ತಿದ್ದ ಹಿಮ 35 ಘನ ಕಿ.ಮೀ.ಗೂ ಹೆಚ್ಚು. 2012ರ ಬೇಸಿಗೆಯಲ್ಲಿ ದಿನಕ್ಕೆ 40 ಮೀಟರಿಗೂ ಮೀರಿದ ವೇಗವನ್ನು ಅಳೆದಿದ್ದಾರೆ. ಹಿಮನದಿ ಎಂಬ ಪದವನ್ನು ನಾವು ಉಪಮೆಯಂತೆ ಓದಿಕೊಂಡು ಬಂದಿದ್ದೇವೆ, ಇಲ್ಲಿ ಅದು ನಿಜವಾಗಿಯೂ ಹರಿಯುತ್ತದೆ.

ಹೀಗೆ ಕಳಚಿದ ಬಂಡೆಗಳು ಫ್ಯೋರ್ಡಿನ ಬಾಯಿಗೆ ಬಂದಾಗ, ಹಿಂದೊಂದು ಕಾಲದಲ್ಲಿ ಹಿಮನದಿಯೇ ತಂದು ಸುರಿದ ಕಲ್ಲುಮಣ್ಣಿನ ದಿಬ್ಬಕ್ಕೆ ಅವುಗಳ ಬುಡ ತಾಗುತ್ತದೆ. ಅಲ್ಲಿ ನೀರಿನ ಆಳ ಸುಮಾರು 200ರಿಂದ 250 ಮೀಟರ್ ಮಾತ್ರ. ಅದಕ್ಕಿಂತ ಆಳಕ್ಕಿಳಿದ ಬಂಡೆಗಳು ಹೊಸ್ತಿಲಿಗೆ ಕಾಲು ತಾಗಿ ನಿಂತವರಂತೆ ಅಲ್ಲೇ ನಿಲ್ಲುತ್ತವೆ. ಕರಗಿ ಒಡೆಯುವವರೆಗೆ, ಇಲ್ಲವೇ ಹಿಂದಿನಿಂದ ಬಂದವು ತಳ್ಳುವವರೆಗೆ ಕದಲುವುದಿಲ್ಲ. ಬಿಡುಗಡೆಯಾದವು ನೇರವಾಗಿ ದಕ್ಷಿಣಕ್ಕೆ ಹೋಗದೆ, ಮೊದಲು ಪ್ರವಾಹದೊಡನೆ ಉತ್ತರಕ್ಕೆ ಸಾಗಿ, ಬ್ಯಾಫಿನ್ ಕೊಲ್ಲಿಯನ್ನು ಸುತ್ತಿ, ಕೆನಡಾದ ಲ್ಯಾಬ್ರಡಾರ್ ಕರಾವಳಿಯ ಗುಂಟ ಇಳಿಯುತ್ತವೆ. 1912ರಲ್ಲಿ ಟೈಟಾನಿಕ್ ಹಡಗಿಗೆ ತಾಗಿದ ಬಂಡೆಯೂ ಪಶ್ಚಿಮ ಗ್ರೀನ್‌ಲ್ಯಾಂಡಿನ ಯಾವುದೋ ಫ್ಯೋರ್ಡಿನಿಂದ ಹೊರಟು ಇದೇ ದಾರಿಯಲ್ಲಿ ಬಂದಿರಬೇಕೆಂಬುದು ಬಲವಾದ ಊಹೆ.

ಹಿಮಪಥಿಕೆ ಅವರು ಕೇಳಿದ ಚಟಪಟ ಶಬ್ದಕ್ಕೆ ಬರುತ್ತೇನೆ. ಸಾವಿರಾರು ವರ್ಷಗಳ ಹಿಂದೆ ಬಿದ್ದ ಹಿಮದ ಹರಳುಗಳ ನಡುವೆ ಸಿಕ್ಕಿಕೊಂಡ ಗಾಳಿ, ಮೇಲಿನ ಪದರಗಳ ಭಾರಕ್ಕೆ ಒತ್ತಿಕೊಂಡು ಸಣ್ಣ ಗುಳ್ಳೆಗಳಾಗಿ ಉಳಿದಿರುತ್ತದೆ. ಹಿಮ ಕರಗುತ್ತ ಗುಳ್ಳೆಯ ಗೋಡೆ ತೆಳುವಾದಾಗ ಅದು ಟಪ್ಪೆಂದು ಸಿಡಿಯುತ್ತದೆ. ಬಂಡೆ ಬೆಳ್ಳಗೆ ಕಾಣುವುದಕ್ಕೂ ಈ ಗುಳ್ಳೆಗಳೇ ಕಾರಣ. ಕರಗಿದ ನೀರು ಬಿರುಕಿನೊಳಗೆ ಇಳಿದು ಮತ್ತೆ ಹೆಪ್ಪುಗಟ್ಟಿದ ಕಡೆ ಗುಳ್ಳೆಗಳಿರುವುದಿಲ್ಲ. ಬೆಳಕು ಅಂಥಲ್ಲಿ ಆಳಕ್ಕಿಳಿದು, ಕೆಂಪಿನಂಶವನ್ನು ಕಳೆದುಕೊಂಡು ಹೊರಬರುವುದರಿಂದ ಅಚ್ಚ ನೀಲಿಯ ಪಟ್ಟಿ ಕಾಣುತ್ತದೆ.

ಕಡಲಂಚಿನವ (ಫೆಬ್ರುವರಿ 10)

ಕಲ್ಲುಮಣ್ಣು ಅವರು ಹಿಮದ ಬಗ್ಗೆ ಬರೆದ ಮೇಲೆ ತಿಮಿಂಗಿಲಗಳ ಪಾಲು ನನ್ನದಾಗಲಿ. ನಾನು ಕಾರವಾರದ ಕಡೆಯವನು, ಹಡಗುಗಳಲ್ಲಿ ದುಡಿದವನು. ನಮ್ಮಲ್ಲಿ ತಿಮಿಂಗಿಲವೆಂದರೆ ದಡಕ್ಕೆ ಬಂದು ಬಿದ್ದ ಕಳೇಬರದ ಸುದ್ದಿ, ಇಲ್ಲವೇ ಪೊಲೀಸರು ಹಿಡಿದ ‘ತಿಮಿಂಗಿಲ ವಾಂತಿ’ಯ ಸುದ್ದಿ. ಉಸಿರಾಡುತ್ತಿರುವ ತಿಮಿಂಗಿಲವನ್ನು ಹತ್ತಿರದಿಂದ ಕಂಡ ಮೇಲೆ ಆ ಸುದ್ದಿಗಳನ್ನು ಓದುವ ಮನಸ್ಸೇ ಬದಲಾಯಿತು.

ಡಿಸ್ಕೋ ಕೊಲ್ಲಿಗೆ ಬೇಸಿಗೆಯಲ್ಲಿ ಬರುವ ಹಂಪ್‌ಬ್ಯಾಕ್‌ಗಳು ಅಲ್ಲಿಯ ಕಾಯಂ ನಿವಾಸಿಗಳಲ್ಲ. ಚಳಿಗಾಲವನ್ನು ಅವು ಕೆರಿಬಿಯನ್ ಕಡಲಿನ ಬೆಚ್ಚನೆಯ ನೀರಿನಲ್ಲಿ ಕಳೆದು, ಮರಿ ಹಾಕಿ, ಬಹುಮಟ್ಟಿಗೆ ಉಪವಾಸವಿದ್ದು, ಹಸಿದುಕೊಂಡು ಉತ್ತರಕ್ಕೆ ಬರುತ್ತವೆ. ಇಲ್ಲಿ ಕ್ಯಾಪೆಲಿನ್ ಎಂಬ ಸಣ್ಣ ಮೀನುಗಳನ್ನೂ ಕ್ರಿಲ್ ಎಂಬ ಸಿಗಡಿಯಂಥ ಜೀವಿಗಳನ್ನೂ ತಿಂದು ಮೈ ತುಂಬಿಕೊಳ್ಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವು ಅಲ್ಲಿರುವುದು ಊಟಕ್ಕಾಗಿ. ಪ್ರವಾಸಿಗರು ಇದನ್ನು ನೆನಪಿಟ್ಟರೆ ಸಾಕು, ದೋಣಿ ಎಲ್ಲಿ ನಿಲ್ಲಬೇಕೆಂಬುದು ತಾನಾಗಿ ತಿಳಿಯುತ್ತದೆ: ಪಂಕ್ತಿಯಲ್ಲಿ ಕುಳಿತವರ ಎಲೆಯ ಮುಂದೆ ಯಾರೂ ಅಡ್ಡಾಡುವುದಿಲ್ಲ.

ಮೊದಲು ಕಾಣುವುದು ಉಸಿರು. ಅದು ನೀರಿನ ಕಾರಂಜಿಯಲ್ಲ. ಬೆಚ್ಚಗಿನ ಉಸಿರು ತಣ್ಣನೆಯ ಗಾಳಿಗೆ ತಾಗಿ ಮಂಜಾಗುವುದು. ಹಿಮಬಂಡೆಯ ಬಿಳಿಯ ಎದುರು ಈ ಬಿಳಿ ಮಂಜು ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಕಪ್ಪು ನೀರು ಅಥವಾ ಕಂದು ಬಂಡೆಗಲ್ಲು ಹಿನ್ನೆಲೆಯಾಗಿರುವ ಕಡೆ ದುರ್ಬೀನು ತಿರುಗಿಸಿ. ಶಬ್ದವಂತೂ ಮೈಲಿ ದೂರದಿಂದ ಕೇಳಿಸುತ್ತದೆ. ಗಾಳಿ ನಿಮ್ಮ ಕಡೆಗಿದ್ದರೆ ವಾಸನೆಯೂ ಬರುತ್ತದೆ, ಮೀನು ಮಾರುಕಟ್ಟೆಯ ಸಂಜೆಯ ವಾಸನೆ. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ನಾಲ್ಕೈದು ಸಲ ಉಸಿರಾಡಿದ ಮೇಲೆ ಬೆನ್ನು ಎತ್ತರಕ್ಕೆ ಬಾಗಿದರೆ ಆಳಕ್ಕೆ ಮುಳುಗುವ ಸೂಚನೆ, ಆಗ ಬಾಲ ಮೇಲೇಳುತ್ತದೆ. ಬಾಲದ ಅಡಿಭಾಗದ ಕಪ್ಪು ಬಿಳುಪಿನ ವಿನ್ಯಾಸ ನಮ್ಮ ಬೆರಳಚ್ಚಿನಂತೆ ಪ್ರತಿಯೊಂದಕ್ಕೂ ಬೇರೆ. ನೀವು ತೆಗೆದ ಚಿತ್ರ ಸ್ಪಷ್ಟವಾಗಿದ್ದರೆ ಸಂಶೋಧಕರಿಗೆ ಕಳುಹಿಸಬಹುದು. ಅದೇ ಪ್ರಾಣಿ ಕೆರಿಬಿಯನ್‌ನಲ್ಲಿ ಕಂಡಿತ್ತೇ ಎಂದು ಅವರು ಹೋಲಿಸಿ ನೋಡುತ್ತಾರೆ. ಮುಳುಗಿದ ಜಾಗದಲ್ಲಿ ಎಣ್ಣೆ ಚೆಲ್ಲಿದಂತೆ ನುಣುಪಾದ ವೃತ್ತವೊಂದು ಉಳಿಯುತ್ತದೆ. ಆ ವೃತ್ತವನ್ನು ನೋಡುತ್ತ ಕುಳಿತುಕೊಳ್ಳಬೇಡಿ, ತಿಮಿಂಗಿಲ ಐದು ಹತ್ತು ನಿಮಿಷದ ಮೇಲೆ ಬೇರೆಲ್ಲೋ ಏಳುತ್ತದೆ.

ಬಾಲ ಎತ್ತದೆ ಉದ್ದನೆಯ ಬೆನ್ನು ಮಾತ್ರ ಜಾರಿಹೋದರೆ ಅದು ಫಿನ್ ತಿಮಿಂಗಿಲವಿರಬಹುದು. ಭೂಮಿಯ ಮೇಲೆ ನೀಲಿ ತಿಮಿಂಗಿಲವನ್ನು ಬಿಟ್ಟರೆ ಅದಕ್ಕಿಂತ ದೊಡ್ಡ ಪ್ರಾಣಿ ಇಲ್ಲ. ಅದರ ಕೆಳದವಡೆ ಬಲಗಡೆ ಬಿಳಿ, ಎಡಗಡೆ ಕಪ್ಪು. ಹೀಗೇಕೆಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ.

ಒಂದು ಮಾತು ಹೇಳದೆ ಇರಲಾರೆ. ಆರ್ಕ್ಟಿಕ್‌ನ ಅಪ್ಪಟ ತಿಮಿಂಗಿಲವೆಂದರೆ ಬೋಹೆಡ್. 200 ವರ್ಷಕ್ಕೂ ಮೀರಿ ಬದುಕಬಲ್ಲ ಪ್ರಾಣಿ ಅದು. 2007ರಲ್ಲಿ ಅಲಾಸ್ಕಾದಲ್ಲಿ ಹಿಡಿದ ಒಂದು ಬೋಹೆಡ್‌ನ ಮೈಯಲ್ಲಿ 19ನೇ ಶತಮಾನದ ಕೊನೆಯ ಭಾಗದ ಸ್ಫೋಟಕ ಈಟಿಯ ತುಣುಕು ಸಿಕ್ಕಿತ್ತು. ಈ ತಿಮಿಂಗಿಲಗಳು ಡಿಸ್ಕೋ ಕೊಲ್ಲಿಗೆ ಬರುವುದು ಫೆಬ್ರುವರಿಯಿಂದ ಮೇ ತಿಂಗಳ ನಡುವೆ, ಹಡಗುಗಳು ಬರುವ ಹೊತ್ತಿಗೆ ಅವು ಹೊರಟುಹೋಗಿರುತ್ತವೆ. ಬೇಸಿಗೆಯ ಪ್ರವಾಸಿಗರು ನೋಡುವುದು ತಮ್ಮಂತೆಯೇ ಬೇಸಿಗೆಗೆಂದು ಬಂದ ಅತಿಥಿಗಳನ್ನು.

ಡೆನ್ಮಾರ್ಕಿನಿಂದ (ಫೆಬ್ರುವರಿ 11)

ನಾನು ಒಂಬತ್ತು ವರ್ಷಗಳಿಂದ ಕೋಪನ್‌ಹೇಗನ್‌ನಲ್ಲಿದ್ದೇನೆ, ಇಲುಲಿಸ್ಸಾತ್‌ಗೆ ಮೂರು ಸಲ ಹೋಗಿದ್ದೇನೆ, ಒಮ್ಮೆಯೂ ದೊಡ್ಡ ಹಡಗಿನಲ್ಲಿ ಹೋಗಿಲ್ಲ. ತುಂಗಾತೀರ ಅವರ ತಂದೆತಾಯಿಯರ ವಯಸ್ಸನ್ನು ನೋಡಿದರೆ, ಪಟ್ಟಣದಲ್ಲೇ ಐದಾರು ದಿನ ಉಳಿದುಕೊಂಡು, ದಿನಕ್ಕೊಂದು ಸಣ್ಣ ದೋಣಿ ಪ್ರಯಾಣ ಮಾಡುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಹಡಗು ಇಲುಲಿಸ್ಸಾತ್ ಮುಂದೆ ನಿಲ್ಲುವುದು ಹೆಚ್ಚೆಂದರೆ ಒಂದು ದಿನ. ಆ ದಿನ ಮಂಜು ಕವಿದರೆ ಅಷ್ಟೇ. ಪಟ್ಟಣದಲ್ಲಿದ್ದರೆ ಮಂಜು ತಿಳಿಯಾಗುವವರೆಗೆ ಕಾಯಬಹುದು. ಸಂಜೆ ಹತ್ತು ಗಂಟೆಗೆ ಹೊರಡುವ ದೋಣಿಗಳಿವೆ. ಮೇ ಕೊನೆಯಿಂದ ಜುಲೈ ಕೊನೆಯ ವಾರದವರೆಗೆ ಅಲ್ಲಿ ಸೂರ್ಯ ಮುಳುಗುವುದಿಲ್ಲ, ಓರೆಯಾದ ಹೊಂಬಿಸಿಲಿನಲ್ಲಿ ಹಿಮಬಂಡೆಗಳು ಕಿತ್ತಳೆ ಮತ್ತು ನೇರಳೆಯ ಬಣ್ಣ ತಾಳುತ್ತವೆ.

ಮಂಡಿನೋವಿರುವವರಿಗೆ ಇನ್ನೊಂದು ಅನುಕೂಲವಿದೆ. ಪಟ್ಟಣದ ಅಂಚಿನಿಂದ ಸೆರ್ಮೆರ್ಮಿಯುತ್ ಎಂಬ ಪ್ರಾಚೀನ ನೆಲೆಯವರೆಗೆ ಮರದ ಹಲಗೆಗಳ ಕಾಲುದಾರಿ ಹಾಕಿದ್ದಾರೆ. 2021ರಲ್ಲಿ ತೆರೆದ ಐಸ್‌ಫ್ಯೋರ್ಡ್ ಕೇಂದ್ರವೂ ಆ ದಾರಿ ಶುರುವಾಗುವ ಕಡೆಯಲ್ಲೇ ಇದೆ. ನಾಲ್ಕು ಸಾವಿರ ವರ್ಷಗಳಿಂದ ಜನ ಬಂದು ನೆಲೆಸಿದ, ಬಿಟ್ಟುಹೋದ, ಮತ್ತೆ ಬಂದ ಜಾಗದಲ್ಲಿ ನಿಂತು ಕಾಂಗಿಯಾ ಫ್ಯೋರ್ಡಿನ ಬಾಯನ್ನು ನೋಡಬಹುದು. ಆದರೆ ಅಲ್ಲಿನ ಕಡಲದಂಡೆಗೆ ಇಳಿಯಬೇಡಿ. ಹಿಮಬಂಡೆ ಒಡೆದಾಗಲೋ ಉರುಳಿದಾಗಲೋ ಮುನ್ಸೂಚನೆಯಿಲ್ಲದೆ ಏಳುವ ಅಲೆಗಳ ಬಗ್ಗೆ ಅಲ್ಲಿ ಎಚ್ಚರಿಕೆಯ ಫಲಕ ಹಾಕಿದ್ದಾರೆ, ಅದನ್ನು ಅಲಂಕಾರವೆಂದು ತಿಳಿಯಬೇಡಿ.

ಹಿಮನದಿಯಿಂದ ಹಿಮ ಕಳಚಿ ಬೀಳುವುದನ್ನೇ ನೋಡಬೇಕಾದರೆ ಸೆರ್ಮೆಕ್ ಕುಯಲ್ಲೆಕ್‌ನ ಮುಂಭಾಗಕ್ಕೆ ದೋಣಿ ಹೋಗಲಾರದು, ಫ್ಯೋರ್ಡ್ ಪೂರ್ತಿ ಹಿಮದಿಂದ ತುಂಬಿರುತ್ತದೆ. ಅದಕ್ಕೆ ಉತ್ತರಕ್ಕೆ ಸುಮಾರು 80 ಕಿ.ಮೀ. ದೂರದ ಎಕಿ ಹಿಮನದಿಗೆ ಹೋಗುತ್ತಾರೆ. ದೋಣಿ ಸಾಕಷ್ಟು ದೂರದಲ್ಲಿ ನಿಲ್ಲುವುದರಿಂದ ಮೊದಲು ಬೀಳುವುದು ಕಾಣುತ್ತದೆ, ಗುಡುಗಿನ ಸದ್ದು ಆಮೇಲೆ ಬರುತ್ತದೆ. ಮೂರು ಸೆಕೆಂಡಿಗೆ ಒಂದು ಕಿ.ಮೀ. ಎಂದು ತಂದೆಯವರು ಎಣಿಸಿ ದೂರ ಹೇಳಬಹುದು.

ವೀಸಾದ ಬಗ್ಗೆ ಎಲ್ಲರೂ ಗಮನವಿಟ್ಟು ಓದಿ. ಗ್ರೀನ್‌ಲ್ಯಾಂಡ್ ಡೆನ್ಮಾರ್ಕ್ ರಾಜ್ಯಕ್ಕೆ ಸೇರಿದ್ದರೂ, ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯಕ್ಕೆ ಸೇರಿಲ್ಲ. ಸಾಮಾನ್ಯ ಷೆಂಗೆನ್ ವೀಸಾ ಸಾಲದು; ಅದು ಗ್ರೀನ್‌ಲ್ಯಾಂಡಿಗೂ ಅನ್ವಯಿಸುತ್ತದೆ ಎಂದು ವೀಸಾದ ಮೇಲೆ ಸ್ಪಷ್ಟವಾಗಿ ನಮೂದಾಗಿರಬೇಕು. ನನ್ನ ಅತ್ತೆ ಮಾವನವರಿಗೆ ಊರಿನ ಏಜೆಂಟರೊಬ್ಬರು “ಡೆನ್ಮಾರ್ಕ್ ಎಂದರೆ ಎಲ್ಲವೂ ಸೇರಿತು” ಎಂದು ಭರವಸೆ ಕೊಟ್ಟು ಸಾಮಾನ್ಯ ವೀಸಾ ಮಾಡಿಸಿಕೊಟ್ಟರು. ಕೋಪನ್‌ಹೇಗನ್‌ಗೆ ಬಂದಿಳಿದ ಮೇಲೆ ಅದು ಗೊತ್ತಾಗಿ, ಅವರಿಬ್ಬರೂ ಆ ಹತ್ತು ದಿನ ನಮ್ಮ ಮನೆಯಲ್ಲಿ ಮಳೆ ನೋಡುತ್ತ ಕುಳಿತರು. ಹಡಗು ಐಸ್‌ಲ್ಯಾಂಡಿನಿಂದ ಹೊರಡುವುದಾದರೆ ಷೆಂಗೆನ್ ವಲಯಕ್ಕೆ ಎರಡು ಸಲ ಪ್ರವೇಶಿಸುವ ಅನುಮತಿಯೂ ಬೇಕಾಗುತ್ತದೆ.

ತುಂಗಾತೀರ (ಫೆಬ್ರುವರಿ 11)

ಎಲ್ಲರಿಗೂ ಅನಂತ ಧನ್ಯವಾದಗಳು. ವೀಸಾದ ವಿಷಯ ನನಗೆ ಸ್ವಲ್ಪವೂ ತಿಳಿದಿರಲಿಲ್ಲ. ಕಲ್ಲುಮಣ್ಣು ಅವರ ಬರಹವನ್ನು ತಂದೆಯವರಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಏನೂ ಮಾತಾಡದೆ ಕೂತಿದ್ದು, ಆಮೇಲೆ “ಮಲಗುವುದಾದರೆ ಎಷ್ಟು ಅಗಲವಿರಬೇಕು ಎಂದು ಕೇಳು” ಎಂದರು.

ತಾಯಿಯವರದು ಬೇರೆ ಪ್ರಶ್ನೆ. ಗ್ರೀನ್‌ಲ್ಯಾಂಡಿನವರು ತಿಮಿಂಗಿಲವನ್ನು ಬೇಟೆಯಾಡಿ ತಿನ್ನುತ್ತಾರಂತೆ, ಅಂಥ ಊರಿಗೆ ತಿಮಿಂಗಿಲ ನೋಡಲು ಹೋಗುವುದು ಸರಿಯೇ ಎಂದು ಕೇಳುತ್ತಿದ್ದಾರೆ.

ಹಿಮಪಥಿಕೆ (ಫೆಬ್ರುವರಿ 12)

ಆ ಪ್ರಶ್ನೆ ನನ್ನನ್ನೂ ಕಾಡಿತ್ತು. ಬೆಳಿಗ್ಗೆ ಹಂಪ್‌ಬ್ಯಾಕ್ ನೋಡಿ ಕಣ್ಣು ತುಂಬಿಕೊಂಡ ನಮ್ಮ ಗುಂಪಿನವರು, ಮಧ್ಯಾಹ್ನ ಪಟ್ಟಣದ ಮೀನಿನ ಅಂಗಡಿಯಲ್ಲಿ ತಿಮಿಂಗಿಲದ ಮಾಂಸವನ್ನು ಕಂಡು ಮುಖ ತಿರುಗಿಸಿದರು. ನಾನು ಸಸ್ಯಾಹಾರಿ, ನನಗೂ ಸಂಕಟವಾಯಿತು. ಆದರೆ ಮುಖ ತಿರುಗಿಸಿದವರೆಲ್ಲ ಆ ರಾತ್ರಿ ಹಡಗಿನಲ್ಲಿ ದನದ ಮಾಂಸದ ಊಟ ಮಾಡಿದರು ಎಂಬುದನ್ನೂ ಹೇಳಬೇಕು.

ಡೆನ್ಮಾರ್ಕಿನಿಂದ (ಫೆಬ್ರುವರಿ 12)

ಅಮ್ಮನವರಿಗೆ ಹೀಗೆ ತಿಳಿಸಿ. ಡಿಸ್ಕೋ ಕೊಲ್ಲಿಯ ಬೋಹೆಡ್‌ಗಳನ್ನು ಬರಿದು ಮಾಡಿದವರು ಅಲ್ಲಿನ ಇನುಯಿಟ್ ಜನರಲ್ಲ. ದೀಪದೆಣ್ಣೆಗೂ ಹೆಂಗಸರ ನಡು ಬಿಗಿಯುವ ಒಳ ಉಡುಪಿಗೂ ಬೇಕಾಗಿ ಯುರೋಪಿನ ಹಡಗುಗಳು ಎರಡು ಮೂರು ಶತಮಾನ ನಡೆಸಿದ ಬೇಟೆ ಅದು. ಡಿಸ್ಕೋ ದ್ವೀಪದ ಕೆಕೆರ್ತಾರ್ಸುವಾಕ್ ಪಟ್ಟಣ 1773ರಲ್ಲಿ ಹುಟ್ಟಿಕೊಂಡದ್ದೇ ತಿಮಿಂಗಿಲ ಬೇಟೆಯ ನೆಲೆಯಾಗಿ. ವಾಣಿಜ್ಯ ಉದ್ದೇಶದ ಬೇಟೆಗೆ 1986ರಿಂದ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗದ ತಡೆ ಇದೆ. ಗ್ರೀನ್‌ಲ್ಯಾಂಡಿನವರಿಗೆ ಮನೆಬಳಕೆಗೆಂದು ಪ್ರಭೇದವಾರು ಮಿತಿ ನಿಗದಿಯಾಗಿದೆ. ಪಶ್ಚಿಮ ಕರಾವಳಿಗೆಲ್ಲ ಸೇರಿ ಹಂಪ್‌ಬ್ಯಾಕ್‌ನ ಮಿತಿ ವರ್ಷಕ್ಕೆ ಹತ್ತರ ಆಸುಪಾಸಿನಲ್ಲಿದೆ. ಗದ್ದೆಯೂ ತೋಟವೂ ಸಾಧ್ಯವಿಲ್ಲದ ನೆಲದಲ್ಲಿ, ಮತ್ತಾಕ್ ಎಂದು ಕರೆಯುವ ತಿಮಿಂಗಿಲದ ಚರ್ಮ ಮತ್ತು ಕೊಬ್ಬು ಅವರಿಗೆ ಸಿ ಜೀವಸತ್ವದ ಮೂಲವೂ ಹೌದು. ಒಪ್ಪುವುದು ಬಿಡುವುದು ಅವರವರಿಗೆ ಸೇರಿದ್ದು, ಆದರೆ ಅತಿಥಿಯಾಗಿ ಹೋದವರು ಮನೆಯವರ ಅಡುಗೆಮನೆಯನ್ನು ಟೀಕಿಸುವುದು ನನಗೆ ಸರಿಕಾಣುವುದಿಲ್ಲ.

ಲೆಕ್ಕಿಗ (ಫೆಬ್ರುವರಿ 12)

ಟೀಕಿಸಲೇಬೇಕಾದರೆ ನಮ್ಮನ್ನೇ ಟೀಕಿಸಿಕೊಳ್ಳೋಣ. ಸೆರ್ಮೆಕ್ ಕುಯಲ್ಲೆಕ್‌ನ ತುದಿ 1850ರ ಸುಮಾರಿನಿಂದ ಈಚೆಗೆ ಸುಮಾರು 40 ಕಿ.ಮೀ. ಹಿಂದೆ ಸರಿದಿದೆ. ಕರಗುತ್ತಿರುವುದನ್ನು ಕರಗುವ ಮೊದಲು ನೋಡಬೇಕೆಂದು ಬೆಂಗಳೂರಿನಿಂದ ವಿಮಾನದಲ್ಲಿ ಹಾರಿ, ಅಲ್ಲಿಂದ ಡೀಸೆಲ್ ಸುಡುವ ಹಡಗಿನಲ್ಲಿ ಸುತ್ತುವವರು ಆ ಕರಗುವಿಕೆಗೆ ತಮ್ಮ ಪಾಲನ್ನೂ ಸೇರಿಸುತ್ತಾರೆ. ಆರ್ಕ್ಟಿಕ್ ನೀರಿನಲ್ಲಿ ಭಾರ ಇಂಧನ ತೈಲದ ಮೇಲಿನ ಅಂತರರಾಷ್ಟ್ರೀಯ ನಿಷೇಧ 2024ರ ಜುಲೈ 1ರಂದು ಜಾರಿಗೆ ಬಂದಿದ್ದರೂ, ವಿನಾಯಿತಿಗಳು 2029ರವರೆಗೆ ಮುಂದುವರಿಯುತ್ತವೆ. ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಹೋಗುವುದಾದರೆ ಒಂದೇ ಕಡೆ ಹೆಚ್ಚು ದಿನ ಇರಿ, ಆರು ಬಂದರುಗಳನ್ನು ಮುಟ್ಟಿ ಬರುವ ಆತುರ ಬೇಡ ಎಂದಷ್ಟೇ ನನ್ನ ವಾದ. ಈ ವಿಷಯದಲ್ಲಿ ನಾನು ಡೆನ್ಮಾರ್ಕಿನವರ ಪಕ್ಷ.

ಹಿಮಪಥಿಕೆ (ಫೆಬ್ರುವರಿ 13)

ಹಡಗಿನ ಪರವಾಗಿಯೂ ಒಂದು ಮಾತಿರಲಿ, ಇಲ್ಲವಾದರೆ ಚರ್ಚೆ ಒಂದೇ ಕಡೆಗೆ ವಾಲುತ್ತದೆ. ನೀರಿನಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ತಿಮಿಂಗಿಲ ಕಾಣುವ ಅವಕಾಶ ಹೆಚ್ಚು. ನಾವು ಅತಿ ಹತ್ತಿರದಿಂದ ಕಂಡದ್ದು ಇಲುಲಿಸ್ಸಾತ್‌ನಲ್ಲಲ್ಲ, ರಾತ್ರಿ ಎರಡು ಗಂಟೆಗೆ, ಹಡಗು ಎಲ್ಲಿಗೋ ಸಾಗುತ್ತಿದ್ದಾಗ. ಕಪ್ತಾನರು ವೇಗ ತಗ್ಗಿಸಿ ಧ್ವನಿವರ್ಧಕದಲ್ಲಿ ತಿಳಿಸಿದರು. ರಾತ್ರಿಯುಡುಪಿನ ಮೇಲೆ ಕೋಟು ಹಾಕಿಕೊಂಡು ಓಡಿ ಬಂದ ಅರವತ್ತು ಜನ ಒಂದು ಮಾತಿಲ್ಲದೆ ನಿಂತಿದ್ದೆವು. ಹಡಗಿನಲ್ಲಿ ವೈದ್ಯರೂ ಇರುತ್ತಾರೆ, ಹಿರಿಯರಿಗೆ ಅದೊಂದು ಧೈರ್ಯ.

ಕಲ್ಲುಮಣ್ಣು (ಫೆಬ್ರುವರಿ 13)

ಧೈರ್ಯ ಸರಿ, ಆದರೆ ಹಡಗೂ ಸಿಕ್ಕಿಬೀಳಬಲ್ಲದು. 2023ರ ಸೆಪ್ಟೆಂಬರ್‌ನಲ್ಲಿ ಪೂರ್ವ ಗ್ರೀನ್‌ಲ್ಯಾಂಡಿನ ಆಲ್ಪೆಫ್ಯೋರ್ಡ್‌ನಲ್ಲಿ 206 ಜನರಿದ್ದ ಹಡಗೊಂದು ನೆಲಕಚ್ಚಿ, ಮೀನುಗಾರಿಕಾ ಸಂಶೋಧನೆಯ ಹಡಗು ಬಂದು ಎಳೆಯುವವರೆಗೆ ಮೂರು ದಿನ ಅಲ್ಲೇ ಇತ್ತು. ಯಾರಿಗೂ ಅಪಾಯವಾಗಲಿಲ್ಲ. ತುರ್ತು ಸ್ಥಳಾಂತರದ ವೆಚ್ಚ ಸೇರಿದ ವಿಮೆ ಮಾಡಿಸದೆ ಯಾವ ದಾರಿಯಲ್ಲೂ ಹೊರಡಬೇಡಿ.

ಧ್ರುವತಾರೆ (ಫೆಬ್ರುವರಿ 15)

ಸ್ವಾಲ್‌ಬಾರ್ಡ್ ಬಗ್ಗೆ ಯಾರೂ ಹೇಳದಿದ್ದುದರಿಂದ ಬರೆಯುತ್ತಿದ್ದೇನೆ. ನಾರ್ವೆಯ ಆ ದ್ವೀಪಸಮೂಹದ ನಿ-ಓಲೆಸುಂಡ್‌ನಲ್ಲಿ 2008ರಿಂದ ನಮ್ಮ ದೇಶದ ‘ಹಿಮಾದ್ರಿ’ ಸಂಶೋಧನಾ ಕೇಂದ್ರವಿದೆ, ಭಾರತೀಯರಿಗೆ ಅದೊಂದು ಆಕರ್ಷಣೆ. ಹಿಮಕರಡಿ ನೋಡಬೇಕೆನ್ನುವವರು ಅಲ್ಲಿಗೇ ಹೋಗಬೇಕು. ಆದರೆ 2025ರ ಜನವರಿ 1ರಿಂದ ನಿಯಮಗಳು ಬಿಗಿಯಾಗಿವೆ: ಸಂರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಬರುವಂತಿಲ್ಲ, ಹಿಮಕರಡಿಯಿಂದ 300 ಮೀಟರ್, ಮಾರ್ಚ್‌ನಿಂದ ಜೂನ್ ಕೊನೆಯವರೆಗೆ 500 ಮೀಟರ್ ದೂರವಿರಬೇಕು. ತುಂಗಾತೀರ ಅವರ ತಂದೆಯವರಿಗೆ ಬೇಕಾದದ್ದು ಹಿಮಬಂಡೆ. ಸ್ವಾಲ್‌ಬಾರ್ಡಿನ ಹಿಮನದಿಗಳು ಕಳಚುವ ತುಂಡುಗಳು ಡಿಸ್ಕೋ ಕೊಲ್ಲಿಯವುಗಳ ಮುಂದೆ ಮಕ್ಕಳಂತೆ. ಗ್ರೀನ್‌ಲ್ಯಾಂಡಿಗೇ ಹೋಗಿ.

ಊಟದ ಬಗ್ಗೆ: ಚಟ್ನಿಪುಡಿ, ಉಪ್ಪಿನಕಾಯಿ, ಗೊಜ್ಜವಲಕ್ಕಿ ಒಯ್ಯಿರಿ. ಬಿಸಿನೀರು ಎಲ್ಲೆಡೆಯೂ ಸಿಗುತ್ತದೆ. ಜುಲೈನಲ್ಲಿ ಹೋದರೆ ಸೊಳ್ಳೆಪರದೆಯ ಟೋಪಿಯನ್ನು ಮರೆಯಬೇಡಿ. ಆರ್ಕ್ಟಿಕ್‌ನಲ್ಲಿ ಸೊಳ್ಳೆಯೇ ಎಂದು ನಗಬೇಡಿ, ನಾನೂ ನಕ್ಕಿದ್ದೆ.

ತುಂಗಾತೀರ (ಸೆಪ್ಟೆಂಬರ್ 3)

ಹೋಗಿ ಬಂದೆವು. ಹಡಗನ್ನು ಬಿಟ್ಟು, ಕೋಪನ್‌ಹೇಗನ್‌ನಿಂದ ಗ್ರೀನ್‌ಲ್ಯಾಂಡಿನ ರಾಜಧಾನಿ ನೂಕ್ ಮೂಲಕ ಇಲುಲಿಸ್ಸಾತ್‌ಗೆ ಹೋಗಿ ಆರು ದಿನ ಉಳಿದೆವು. ವೀಸಾದ ಮೇಲೆ ಗ್ರೀನ್‌ಲ್ಯಾಂಡ್ ಎಂಬ ಪದವನ್ನು ವಿಮಾನ ನಿಲ್ದಾಣದ ಅಧಿಕಾರಿಗಿಂತ ಮೊದಲು ನಾನೇ ಹತ್ತು ಸಲ ಓದಿದ್ದೆ.

ಮೊದಲ ಎರಡು ದಿನ ಮಂಜು. ಕಿಟಕಿಯಿಂದ ಏನೂ ಕಾಣದಿದ್ದರೂ ಆಗಾಗ ದೂರದಲ್ಲಿ ಗುಡುಗಿದಂತಾಗುತ್ತಿತ್ತು, ಉತ್ತರವಾಗಿ ಊರಿನ ಸ್ಲೆಡ್ ನಾಯಿಗಳೆಲ್ಲ ಊಳಿಡುತ್ತಿದ್ದವು. ಮೂರನೆಯ ದಿನ ತಿಳಿಯಾಯಿತು. ಸಣ್ಣ ದೋಣಿಯಲ್ಲಿ ಎಂಟು ಜನರಿದ್ದೆವು. ಕಡಲಂಚಿನವರು ಹೇಳಿದಂತೆ ತಾಯಿಯವರು ಕಪ್ಪು ನೀರನ್ನೇ ನೋಡುತ್ತಿದ್ದರು, ಆದ್ದರಿಂದ ಮೊದಲ ಉಸಿರನ್ನು ಕಂಡವರೂ ಅವರೇ. ಎರಡು ಹಂಪ್‌ಬ್ಯಾಕ್‌ಗಳು. ದೋಣಿಯವರು ಎಂಜಿನ್ ನಿಲ್ಲಿಸಿದರು. ಮುಕ್ಕಾಲು ಗಂಟೆಯಲ್ಲಿ ಏಳು ಸಲ ಎದ್ದವು, ಬಾಲವೆತ್ತಿದ್ದು ಮೂರು ಸಲ. ನನ್ನ ಚಿತ್ರಗಳಲ್ಲಿ ಎರಡರಲ್ಲಿ ಬರೀ ನೀರು, ಒಂದರಲ್ಲಿ ಪಕ್ಕದವರ ಟೋಪಿ. ದೋಣಿಯವರು ಹ್ಯಾಲಿಬಟ್ ಮೀನು ಹಿಡಿಯುವ ಮನೆತನದವರು, ತಾವು ತಿಮಿಂಗಿಲ ತಿಂದು ಬೆಳೆದವರೆಂದು ಕೇಳದೆಯೇ ಹೇಳಿದರು. ತಾಯಿಯವರು ತಲೆಯಾಡಿಸಿ, ಚೀಲದಿಂದ ಕೊಬ್ಬರಿ ಮಿಠಾಯಿ ತೆಗೆದು ಅವರ ಕೈಗೆ ಕೊಟ್ಟರು.

ಹಿಂದಿರುಗುವಾಗ, ಮನೆಯಷ್ಟು ಅಗಲದ ಬಂಡೆಯೊಂದು ನಮ್ಮಿಂದ ಬಹಳ ದೂರದಲ್ಲಿ ಉರುಳಿತು. ಮೊದಲು ಒಂದು ಅಂಚು ನೀರಿಗಿಳಿಯಿತು, ಎದುರಿನ ಅಂಚು ಮೇಲೆದ್ದಿತು, ಆಮೇಲೆ ಅಷ್ಟು ಹೊತ್ತು ನೀರಿನೊಳಗಿದ್ದ ನುಣುಪಾದ ಕಡುನೀಲಿ ಹೊಟ್ಟೆ ಪೂರ್ತಿ ಆಕಾಶಕ್ಕೆ ಕಾಣಿಸಿತು. ಅತ್ತಿಂದಿತ್ತ ತೂಗಾಡಿ ಅದು ನೆಲೆಗೊಳ್ಳಲು ಹತ್ತು ನಿಮಿಷವಾದರೂ ಬೇಕಾಯಿತು. ಅಲೆ ನಮ್ಮನ್ನು ಮುಟ್ಟುವಷ್ಟರಲ್ಲಿ ದೋಣಿಯವರು ಮೂತಿಯನ್ನು ಅದರತ್ತ ತಿರುಗಿಸಿದ್ದರು.

ತಂದೆಯವರು ಆ ರಾತ್ರಿ ಊಟದ ಮೇಜಿನ ಮೇಲೆ ಕಾಗದದ ಕರವಸ್ತ್ರದಲ್ಲಿ ಏನೋ ಬರೆಯುತ್ತಿದ್ದರು. ನೀರಿನ ಗೆರೆ, ಅದರ ಮೇಲೆ ತಗ್ಗಾದ ಎರಡು ದಿಬ್ಬ, ಕೆಳಗೆ ಅಡ್ಡಡ್ಡವಾಗಿ ಹರಡಿದ ದೊಡ್ಡ ದೇಹ. ಪಕ್ಕದಲ್ಲಿ ಬಾಣದ ಗುರುತು ಹಾಕಿ ‘ಉರುಳುವ ಮುನ್ನ’, ‘ಉರುಳಿದ ಮೇಲೆ’ ಎಂದು ಎರಡು ಚಿತ್ರ. ಊರಿಗೆ ಬಂದ ಮೇಲೆ ಅದನ್ನು ತಮ್ಮ ಹಳೆಯ ಶಾಲೆಗೆ ಒಯ್ದಿದ್ದಾರೆ, ಶನಿವಾರ ಒಂಬತ್ತನೆಯ ತರಗತಿಯವರಿಗೆ ಒಂದು ಪಾಠದ ಅವಧಿ ಕೇಳಿಕೊಂಡು ಬಂದಿದ್ದಾರೆ. ಕಲ್ಲುಮಣ್ಣು ಅವರೇ, ಅಗಲ ಎಷ್ಟಿರಬೇಕೆಂಬ ಅವರ ಪ್ರಶ್ನೆ ಹಾಗೆಯೇ ಉಳಿದಿದೆ, ಶನಿವಾರದೊಳಗೆ ದಯವಿಟ್ಟು ತಿಳಿಸಿ.